ಅಪರೂಪದ ಹಕ್ಕಿಯ ಫೋಟೋ: ಕೆಲವು ನಂಬಿಕೆಗಳು, ಕೆಲವು ನಿಜಗಳು

ಹೊಸ ಹಕ್ಕಿಯೊಂದು ಪತ್ತೆಯಾಗಿದೆ ಎಂದು ಸಾಬೀತುಪಡಿಸಲು ಹಿಂದೆ ಇದ್ದ ದಾರಿ ಹೆಚ್ಚುಕಡಿಮೆ ಒಂದೇ. ಹಕ್ಕಿಯನ್ನು ಗುಂಡಿಟ್ಟು ಕೊಲ್ಲುವುದು, ಚರ್ಮ ಸುಲಿದು ಹತ್ತಿ ತುಂಬುವುದು, ಚೀಟಿ ಕಟ್ಟಿ ಸಂಗ್ರಹಾಲಯದಲ್ಲಿ ಇಡುವುದು. ಇಂದು ಆ ಕೆಲಸದ ದೊಡ್ಡ ಪಾಲನ್ನು ಕ್ಯಾಮೆರಾ ವಹಿಸಿಕೊಂಡಿದೆ. ಹಾಗಾದರೆ ಬಂದೂಕಿನ ಬದಲು ಕ್ಯಾಮೆರಾ ಹಿಡಿದವರಿಂದ ಹಕ್ಕಿಗೆ ಯಾವ ತೊಂದರೆಯೂ ಇಲ್ಲವೇ? ಇದಕ್ಕೆ ಉತ್ತರ ಹುಡುಕಲು ಅರುಣಾಚಲ ಪ್ರದೇಶದ ಈಗಲ್‌ನೆಸ್ಟ್ ವನ್ಯಧಾಮಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಕೊಲ್ಲದೆ ಹೆಸರಿಟ್ಟ ಹಕ್ಕಿ

ಈಗಲ್‌ನೆಸ್ಟ್ ಇರುವುದು ಪೂರ್ವ ಹಿಮಾಲಯದಲ್ಲಿ. ಸುಮಾರು 218 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡು 500 ಮೀಟರ್ ಎತ್ತರದಿಂದ 3000 ಮೀಟರ್‌ಗೂ ಮೇಲಕ್ಕೆ ಹಬ್ಬಿದೆ. ಖಗೋಳ ವಿಜ್ಞಾನಿಯೂ ಪಕ್ಷಿ ವೀಕ್ಷಕರೂ ಆದ ರಮಣ ಅತ್ರೇಯ ಅವರು 1995ರಲ್ಲಿ ಇಲ್ಲಿ ಗುರುತು ಸಿಗದ ಹಕ್ಕಿಯೊಂದನ್ನು ನೋಡಿದರು. ಅದು ಅವರಿಗೆ ಮತ್ತೆ ಕಂಡದ್ದು 2005ರಲ್ಲಿ. ಬೂದು ಮಿಶ್ರಿತ ಹಸಿರು ಮೈ, ಕಪ್ಪು ಟೋಪಿ, ಕಣ್ಣಿನ ಬಳಿ ಹಳದಿ, ರೆಕ್ಕೆಯಲ್ಲಿ ಹಳದಿ, ಕೆಂಪು, ಬಿಳಿ ಪಟ್ಟೆ; ಗಾತ್ರ ನಮ್ಮ ಗೊರವಂಕದಷ್ಟು.

2006ರಲ್ಲಿ ಮಿಸ್ಟ್ ನೆಟ್ ಎಂಬ ನವಿರಾದ ಬಲೆಯಲ್ಲಿ ಈ ಹಕ್ಕಿ ಸಿಕ್ಕಿತು. ಹಳೆಯ ಪದ್ಧತಿಯಂತೆ ಅದನ್ನು ಕೊಂದು ಮಾದರಿಯಾಗಿ ಇಡಬೇಕಿತ್ತು. ಆದರೆ ಅಲ್ಲಿಯವರೆಗೆ ಕಂಡಿದ್ದ ಹಕ್ಕಿಗಳು ಒಟ್ಟು 14 ಮಾತ್ರ. ಒಂದನ್ನು ಕಳೆದುಕೊಂಡರೂ ಅದು ದೊಡ್ಡ ನಷ್ಟ. ಹಾಗಾಗಿ ಅಳತೆ ತೆಗೆದುಕೊಂಡು, ಫೋಟೋ ತೆಗೆದು, ಬಲೆಯಲ್ಲಿ ಉದುರಿದ ಗರಿಗಳನ್ನು ಕಾದಿಟ್ಟು, ಹಕ್ಕಿಯನ್ನು ಹಾರಲು ಬಿಟ್ಟರು. ಫೋಟೋ, ಗರಿ ಮತ್ತು ಕೂಗಿನ ಧ್ವನಿಮುದ್ರಣದ ಆಧಾರದ ಮೇಲೆ ಅದೇ ವರ್ಷ ಅದು ಹೊಸ ಪ್ರಭೇದ ಎಂದು ಪ್ರಕಟವಾಯಿತು. ಅಲ್ಲಿನ ಬುಗುನ್ ಬುಡಕಟ್ಟಿನ ಜನರ ಹೆಸರಿನಲ್ಲಿ ಅದಕ್ಕೆ ಬುಗುನ್ ಲಿಯೊಸಿಕ್ಲಾ ಎಂದು ಹೆಸರಾಯಿತು. ಇಂದು ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿದೆ.

ಬೆಟ್ಟದ ಹಕ್ಕಿಗಳು ಏಕೆ ಅಪರೂಪ?

ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ತಾಪಮಾನ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಅದರೊಂದಿಗೆ ಮರಗಳು, ಹುಳುಗಳು, ಹಣ್ಣುಗಳೂ ಬದಲಾಗುತ್ತವೆ. ಹಾಗಾಗಿ ಅನೇಕ ಹಕ್ಕಿಗಳು ಬೆಟ್ಟಕ್ಕೆ ಸೊಂಟಪಟ್ಟಿ ಕಟ್ಟಿದಂತಿರುವ ಒಂದು ಕಿರಿದಾದ ಎತ್ತರದಲ್ಲಷ್ಟೇ ಬದುಕುತ್ತವೆ. ಬುಗುನ್ ಲಿಯೊಸಿಕ್ಲಾ ಕಂಡಿರುವುದು 2000 ಮೀಟರ್‌ಗಿಂತ ತುಸು ಮೇಲಿನ ಪಟ್ಟಿಯಲ್ಲಿ. ಕಾಡು ದೊಡ್ಡದಿದ್ದರೂ ಹಕ್ಕಿಯ ಮನೆ ಚಿಕ್ಕದು. ಫೋಟೋ ತೆಗೆಯಲು ಬರುವ ಎಲ್ಲರೂ ಹೋಗಿ ನಿಲ್ಲುವುದು ಅದೇ ಚಿಕ್ಕ ಮನೆಯ ಬಾಗಿಲಲ್ಲಿ. ಈ ಒಂದು ಸಂಗತಿ ನೆನಪಿದ್ದರೆ ಮುಂದಿನ ನಂಬಿಕೆಗಳು ಎಲ್ಲಿ ತಪ್ಪುತ್ತವೆ ಎಂಬುದು ಸುಲಭವಾಗಿ ತಿಳಿಯುತ್ತದೆ.

ನಂಬಿಕೆ 1: ಮೊಬೈಲಿನಲ್ಲಿ ಕೂಗು ಕೇಳಿಸಿ ಹಕ್ಕಿಯನ್ನು ಕರೆದರೆ ಏನೂ ಆಗುವುದಿಲ್ಲ

ದಟ್ಟ ಪೊದೆಯೊಳಗಿನ ಹಕ್ಕಿಯನ್ನು ಹೊರಗೆ ತರಲು ಅದರದೇ ಕೂಗನ್ನು ಸ್ಪೀಕರ್‌ನಲ್ಲಿ ಹಾಕುವುದು ಬಹಳ ಕಡೆ ರೂಢಿಯಲ್ಲಿದೆ. ಹಕ್ಕಿ ಬರುವುದು ನಿಜ. ಏಕೆ ಬರುತ್ತದೆ? ತನ್ನ ಗಡಿಯೊಳಗೆ ಇನ್ನೊಂದು ಗಂಡು ನುಗ್ಗಿದೆ ಎಂದುಕೊಂಡು ಅದನ್ನು ಓಡಿಸಲು ಬರುತ್ತದೆ. ಆ ಹೊತ್ತಿನಲ್ಲಿ ಅದು ಹುಳು ಹುಡುಕುವುದಿಲ್ಲ, ಮರಿಗೆ ಗುಟುಕು ಕೊಡುವುದಿಲ್ಲ, ಬಯಲಿಗೆ ಬಂದು ಬೇಟೆಗಾರ ಹಕ್ಕಿಗಳ ಕಣ್ಣಿಗೂ ಬೀಳುತ್ತದೆ.

ಇಕ್ವೆಡಾರ್‌ನ ಬೆಟ್ಟದ ಕಾಡಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ಧ್ವನಿಮುದ್ರಣ ಕೇಳಿಸಿದಾಗ ಅಲ್ಲಿನ ಹಕ್ಕಿಗಳು ಮೊದಮೊದಲು ಹೆಚ್ಚು ಕೂಗಿದವು. ದಿನವೂ ಕೇಳಿಸುತ್ತಾ ಹೋದಂತೆ ಅವುಗಳ ಪ್ರತಿಕ್ರಿಯೆ ಕುಗ್ಗಿತು. ‘ಹಾಗಾದರೆ ಹಕ್ಕಿಗೆ ಅಭ್ಯಾಸವಾಗುತ್ತದೆ, ಒಳ್ಳೆಯದೇ ಆಯಿತಲ್ಲ’ ಎನ್ನಬಹುದು. ಆದರೆ ಅಭ್ಯಾಸವಾಗುವವರೆಗೆ ಅದು ಖರ್ಚು ಮಾಡಿದ ಶಕ್ತಿ ವಾಪಸು ಬರುವುದಿಲ್ಲ. ಒಬ್ಬರು ಒಂದೇ ಸಲ ಕೇಳಿಸಿದರೆ ಆಗುವ ಪರಿಣಾಮ ಸಣ್ಣದಿರಬಹುದು. ಆದರೆ ಕೆಲವೇ ಜೋಡಿಗಳಿರುವ ಪ್ರಭೇದದ ಮುಂದೆ ದಿನವೂ ಬೇರೆ ಬೇರೆ ತಂಡಗಳು ಸಾಲುಗಟ್ಟಿದರೆ ಲೆಕ್ಕವೇ ಬೇರೆ. ಅಪರೂಪದ ಹಕ್ಕಿಗೆ ಮತ್ತು ಗೂಡುಕಟ್ಟುವ ಕಾಲದಲ್ಲಿ ಯಾವುದೇ ಹಕ್ಕಿಗೆ ಕೂಗು ಕೇಳಿಸದಿರುವುದೇ ಸರಿ.

ನಂಬಿಕೆ 2: ಮುಟ್ಟದಿದ್ದರೆ ಗೂಡಿನ ಫೋಟೋ ತೆಗೆಯಬಹುದು

ಗೂಡಿನ ಬಳಿ ಹಕ್ಕಿ ಮತ್ತೆ ಮತ್ತೆ ಬರುತ್ತದೆ, ಫೋಟೋ ಸುಲಭ. ಅಪಾಯವಿರುವುದೂ ಅಲ್ಲೇ. ನಾವು ಹತ್ತಿರ ನಿಂತಷ್ಟು ಹೊತ್ತು ತಾಯಿ ಹಕ್ಕಿ ಗೂಡಿನಿಂದ ದೂರ ಉಳಿಯುತ್ತದೆ. ಬೆಟ್ಟದ ಚಳಿ, ಮಳೆಯಲ್ಲಿ ಕಾವು ತಪ್ಪಿದ ಮೊಟ್ಟೆ ಬೇಗ ತಣ್ಣಗಾಗುತ್ತದೆ. ಚೆನ್ನಾಗಿ ಕಾಣಲೆಂದು ಎಲೆ, ಕೊಂಬೆ ಸರಿಸಿದರೆ ಗೂಡಿನ ಮರೆಯೇ ಹೋಗಿ ಶತ್ರುಗಳಿಗೆ ದಾರಿಯಾಗುತ್ತದೆ.

ಕಾನೂನು ಕೂಡ ಇದನ್ನು ಹಗುರವಾಗಿ ಕಾಣುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ವ್ಯಾಖ್ಯಾನದೊಳಗೆ ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಬಂದೂಕೇ ಇಲ್ಲದೆ ಬೇಟೆಯಾಡಬಹುದು ಎಂದು ಕಾನೂನು ಒಪ್ಪಿಕೊಂಡಿದೆ!

ನಂಬಿಕೆ 3: ದೊಡ್ಡ ಲೆನ್ಸ್ ಇದ್ದರೆ ಎಲ್ಲವೂ ಸಾಧ್ಯ

ದೊಡ್ಡ ಲೆನ್ಸ್ ಹಕ್ಕಿಯಿಂದ ದೂರ ನಿಲ್ಲಲು ಸಹಾಯ ಮಾಡುತ್ತದೆ, ಅದು ನಿಜವಾದ ಲಾಭ. ಆದರೆ 600 ಎಂಎಂ ಎಫ್/4 ಲೆನ್ಸ್ ಒಂದೇ ಸುಮಾರು 3 ಕೆಜಿ ತೂಗುತ್ತದೆ. ಕಡಿದಾದ ಕಾಡುದಾರಿಯಲ್ಲಿ ಅದನ್ನು ಹೊತ್ತು ನಡೆದವರ ಕೈ, ಹಕ್ಕಿ ಕಂಡ ಕ್ಷಣದಲ್ಲಿ ನಡುಗುತ್ತಿರುತ್ತದೆ.

ಬೆಟ್ಟದ ಕಾಡಿನಲ್ಲಿ ನಿಜವಾದ ಸಮಸ್ಯೆ ಬೆಳಕಿನದು. ಮಂಜು ಮುಸುಕಿದ ಪೊದೆಯೊಳಗೆ ಹಗಲಲ್ಲೂ ಕತ್ತಲು. ಇಲ್ಲಿ ಸಣ್ಣ ಲೆಕ್ಕವೊಂದು ಕೆಲಸಕ್ಕೆ ಬರುತ್ತದೆ. ಎಫ್/5.6ಕ್ಕಿಂತ ಎಫ್/4ರಲ್ಲಿ ಎರಡರಷ್ಟು ಬೆಳಕು ಒಳಬರುತ್ತದೆ. ಶಟರ್ ವೇಗವನ್ನು 1/1000 ಸೆಕೆಂಡ್‌ನಿಂದ 1/250ಕ್ಕೆ ಇಳಿಸಿದರೆ ನಾಲ್ಕರಷ್ಟು ಬೆಳಕು. ಹಕ್ಕಿ ಕೊಂಬೆಯ ಮೇಲೆ ತಲೆ ಅಲ್ಲಾಡಿಸದೆ ನಿಲ್ಲುವ ಅರೆಕ್ಷಣ ಕಾದು, ಕಡಿಮೆ ವೇಗದಲ್ಲಿ ಕೆಲವು ಫೋಟೋ ತೆಗೆದರೆ ಸಾಧಾರಣ ಲೆನ್ಸ್‌ನಲ್ಲೂ ಗುರುತು ಹಿಡಿಯುವಂಥ ಚಿತ್ರ ಸಿಗುತ್ತದೆ.

ಚಳಿಯ ಕಾಟವೂ ಇದೆ. ತಣ್ಣಗಾದಂತೆ ಲಿಥಿಯಂ ಅಯಾನ್ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, ಚಾರ್ಜ್ ಬೇಗ ಮುಗಿದಂತೆ ಕಾಣುತ್ತದೆ. ಹೆಚ್ಚುವರಿ ಬ್ಯಾಟರಿಯನ್ನು ಒಳಜೇಬಿನಲ್ಲಿ, ಮೈಯ ಬಿಸಿಯಲ್ಲಿ ಇಟ್ಟುಕೊಳ್ಳಿ. ತಣ್ಣಗಿನ ಕ್ಯಾಮೆರಾವನ್ನು ಬೆಚ್ಚಗಿನ ಕೋಣೆಗೆ ತಂದ ಕೂಡಲೇ ತೆರೆದರೆ, ಫ್ರಿಜ್‌ನಿಂದ ತೆಗೆದ ಲೋಟದ ಮೇಲಿನಂತೆ ಲೆನ್ಸ್ ಮೇಲೆ ನೀರು ಕೂರುತ್ತದೆ. ಬ್ಯಾಗಿನೊಳಗೇ ಇಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ.

ನಂಬಿಕೆ 4: ಹಕ್ಕಿ ಕಂಡ ಜಾಗವನ್ನು ಎಲ್ಲರಿಗೂ ಹೇಳುವುದು ಒಳ್ಳೆಯ ಗುಣ

ಸಾಮಾನ್ಯ ಹಕ್ಕಿಯಾದರೆ ಹೌದು. ಅಪರೂಪದ ಹಕ್ಕಿಯಾದರೆ ಅಲ್ಲ. ಕೆಲವು ಪ್ರಭೇದಗಳನ್ನು ಹಿಡಿದು ಮಾರುವವರಿದ್ದಾರೆ. ಜೊತೆಗೆ ಒಂದೇ ಪೊದೆಯ ಮುಂದೆ ಸೇರುವ ಗುಂಪೇ ಹಕ್ಕಿಗೆ ಕಾಟ. ಹಕ್ಕಿಗಳ ದಾಖಲೆಗೆಂದೇ ಇರುವ ಇ-ಬರ್ಡ್ ತಾಣ ಕೂಡ ಅಪಾಯದಲ್ಲಿರುವ ಕೆಲವು ಪ್ರಭೇದಗಳು ಕಂಡ ನಿಖರ ಸ್ಥಳವನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ. ನೀವು ಹೇಳದಿದ್ದರೂ ನಿಮ್ಮ ಫೋಟೋ ಹೇಳಬಹುದು ಎಂಬುದು ಗಮನದಲ್ಲಿರಲಿ. ಜಿಪಿಎಸ್ ಇರುವ ಕ್ಯಾಮೆರಾ ಮತ್ತು ಮೊಬೈಲ್‌ಗಳು ಅಕ್ಷಾಂಶ, ರೇಖಾಂಶವನ್ನು ಫೈಲಿನೊಳಗೇ ಬರೆದಿಡುತ್ತವೆ. ಹಂಚಿಕೊಳ್ಳುವ ಮೊದಲು ಅದನ್ನು ಅಳಿಸಿ.

ನಂಬಿಕೆ 5: ಚಂದದ ಫೋಟೋ ಎಂದರೆ ಉಪಯುಕ್ತ ಫೋಟೋ

ವಿಜ್ಞಾನಕ್ಕೆ ಚಂದಕ್ಕಿಂತ ವಿವರ ಮುಖ್ಯ. ಹಿನ್ನೆಲೆ ಮಸುಕಾಗಿ ಹಕ್ಕಿಯ ಮುಖ ಮಾತ್ರ ಹೊಳೆಯುವ ಚಿತ್ರಕ್ಕಿಂತ ರೆಕ್ಕೆ, ಬಾಲ, ಕೊಕ್ಕು ಸ್ಪಷ್ಟವಾಗಿರುವ ಸಾಧಾರಣ ಚಿತ್ರ ಎಷ್ಟೋ ಸಲ ಹೆಚ್ಚು ಕೆಲಸಕ್ಕೆ ಬರುತ್ತದೆ. ಮಂಜಿನ ಬೆಳಕಿನಲ್ಲಿ ಕ್ಯಾಮೆರಾ ಬಣ್ಣವನ್ನು ತಪ್ಪಾಗಿ ತೋರಿಸುವುದುಂಟು. ಆದ್ದರಿಂದ ಮೂಲ ಫೈಲನ್ನು ತಿದ್ದದೆ ಇಟ್ಟುಕೊಳ್ಳಿ. ದಿನಾಂಕ, ಸಮಯ, ಎತ್ತರ, ಎಷ್ಟು ಹಕ್ಕಿಗಳಿದ್ದವು, ಏನು ಮಾಡುತ್ತಿದ್ದವು ಎಂದು ಆಗಲೇ ಬರೆದಿಡಿ. ಇವಿಲ್ಲದ ಫೋಟೋ ಗೋಡೆಗೆ ಅಲಂಕಾರ. ಇವಿದ್ದರೆ ಅದು ದಾಖಲೆ.

ಊರಿನವರ ಮಾತೇ ಕೊನೆಯ ಮಾತು

ಅರುಣಾಚಲಕ್ಕೆ ಹೋಗಲು ಹೊರರಾಜ್ಯದವರಿಗೆ ಇನ್ನರ್ ಲೈನ್ ಪರ್ಮಿಟ್ ಬೇಕು. ವನ್ಯಧಾಮ ಪ್ರವೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆ. ಇವೆರಡೂ ಕಾಗದದ ಕೆಲಸ. ಇವುಗಳಿಗಿಂತ ಮುಖ್ಯವಾದ ಒಪ್ಪಿಗೆ ಸ್ಥಳೀಯರದು. ಸಿಂಗ್‌ಚುಂಗ್ ಊರಿನ ಬುಗುನ್ ಸಮುದಾಯ 2017ರಲ್ಲಿ ತಮ್ಮ ಕಾಡಿನ 17 ಚದರ ಕಿಲೋಮೀಟರ್ ಜಾಗವನ್ನು ಸಮುದಾಯ ಮೀಸಲು ಪ್ರದೇಶವೆಂದು ಬಿಟ್ಟುಕೊಟ್ಟಿತು. ಈ ಹಕ್ಕಿಯ ಮುಖ್ಯ ನೆಲೆ ಅದರಲ್ಲೇ ಇದೆ. ಮರ ಕಡಿದರೆ ಸಿಗಬಹುದಾದ ಹಣವನ್ನು ಬಿಟ್ಟು ಅವರು ಕಾಡು ಉಳಿಸಿದ್ದಾರೆ. ಪ್ರವಾಸಿಗರಿಂದ ಬರುವ ಆದಾಯ ಆ ನಿರ್ಧಾರಕ್ಕೆ ಬಲ ಕೊಡುತ್ತದೆ.

ಆದ್ದರಿಂದ ಅಪರೂಪದ ಹಕ್ಕಿಯ ಫೋಟೋ ತೆಗೆಯಲು ಹೋಗುವುದು ತಪ್ಪಲ್ಲ, ಸರಿಯಾಗಿ ಹೋದರೆ ಅದು ಹಕ್ಕಿಗೇ ಉಪಕಾರ. ಸ್ಥಳೀಯ ಮಾರ್ಗದರ್ಶಕರನ್ನು ಜೊತೆಗೆ ಕರೆದುಕೊಳ್ಳಿ. ‘ಇಲ್ಲಿಗೆ ಸಾಕು’ ಎಂದು ಅವರು ಹೇಳಿದರೆ ಅಲ್ಲೇ ನಿಲ್ಲಿ. ಹಕ್ಕಿ ತಿನ್ನುವುದನ್ನು ನಿಲ್ಲಿಸಿ ನಿಮ್ಮತ್ತ ನೋಡುತ್ತಿದ್ದರೆ, ಎಚ್ಚರಿಕೆಯ ಕೂಗು ಹಾಕುತ್ತಿದ್ದರೆ, ನೀವು ಆಗಲೇ ತೀರಾ ಹತ್ತಿರ ಬಂದಿದ್ದೀರಿ ಎಂದರ್ಥ. ಎರಡು ಹೆಜ್ಜೆ ಹಿಂದೆ ಸರಿಯಿರಿ. ಕೆಲವೊಮ್ಮೆ ಫೋಟೋ ಇಲ್ಲದೆಯೇ ಬೆಟ್ಟ ಇಳಿಯಬೇಕಾಗುತ್ತದೆ. ಹಕ್ಕಿ ಅಲ್ಲೇ ಉಳಿದಿದ್ದರೆ ಮುಂದಿನ ವರ್ಷ ಮತ್ತೆ ಹೋಗಬಹುದು.