ದಾಳದ ಲೆಕ್ಕ, ಆಯುಧದ ಆಯ್ಕೆ

ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನು ನಿಲ್ಲಿಸಿ, ದಾಳ ಉರುಳಿಸಿ ಸೋಲು ಗೆಲುವು ನಿರ್ಧರಿಸುವ ಆಟಗಳಿಗೆ ಮಿನಿಯೇಚರ್ ವಾರ್‌ಗೇಮ್ ಎಂದು ಹೆಸರು. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ 1987ರಲ್ಲಿ ಹೊರತಂದ ವಾರ್‌ಹ್ಯಾಮರ್ 40,000 ಇವುಗಳ ಪೈಕಿ ಬಹು ಪ್ರಸಿದ್ಧವಾದುದು. ಇದರಲ್ಲಿ ಆಟಗಾರನು ತನ್ನ ಸೈನ್ಯವನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಯಾವ ಸೈನಿಕನ ಕೈಗೆ ಯಾವ ಆಯುಧ ಎಂಬುದು ಆಟಕ್ಕೆ ಮೊದಲೇ ತೀರ್ಮಾನವಾಗಬೇಕು. ಬಿಡಿಭಾಗಗಳನ್ನು ಅಂಟಿನಿಂದ ಜೋಡಿಸಿ, ಗಂಟೆಗಟ್ಟಲೆ ಕುಳಿತು ಬಣ್ಣ ಬಳಿದ ಗೊಂಬೆಯ ಆಯುಧವನ್ನು ಆಮೇಲೆ ಬದಲಿಸುವುದು ಸುಲಭವಲ್ಲ. ಆದ್ದರಿಂದಲೇ ಅನುಭವಿ ಆಟಗಾರರು ಮೊದಲು ಸಂಭವನೀಯತೆಯ ಲೆಕ್ಕ ಹಾಕುತ್ತಾರೆ. ಆದರೆ ಸರಾಸರಿಯನ್ನಷ್ಟೇ ನೋಡಿ ನಿರ್ಧರಿಸಿದರೆ ಲೆಕ್ಕ ಬಲ್ಲವನೂ ಮೋಸ ಹೋಗುತ್ತಾನೆ.

ಹಿನ್ನೆಲೆ

ಸಂಭವನೀಯತಾ ಶಾಸ್ತ್ರ ಹುಟ್ಟಿದ್ದೇ ಜೂಜಿನ ಪ್ರಶ್ನೆಗಳಿಂದ. 1654ರಲ್ಲಿ ಫ್ರಾನ್ಸಿನ ಗಣಿತಜ್ಞರಾದ ಪ್ಯಾಸ್ಕಲ್ ಮತ್ತು ಫರ್ಮಾ ಪರಸ್ಪರ ಬರೆದ ಪತ್ರಗಳು ಇದಕ್ಕೆ ಅಡಿಪಾಯ ಹಾಕಿದವು. ಯುದ್ಧದಾಟಕ್ಕೆ ದಾಳವನ್ನು ವ್ಯವಸ್ಥಿತವಾಗಿ ತಂದ ಕೀರ್ತಿ ಪ್ರಷ್ಯಾದ ಸೇನಾಧಿಕಾರಿಗಳ ತರಬೇತಿಗೆ ಬಳಕೆಯಾದ ಕ್ರೀಗ್‌ಸ್ಪೀಲ್‌ಗೆ ಸಲ್ಲುತ್ತದೆ. ಕಿರಿಯ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ ಅದರ ನಿಯಮಗಳಲ್ಲಿ ಸಾವುನೋವಿನ ಪ್ರಮಾಣವನ್ನು ದಾಳವೇ ಹೇಳುತ್ತಿತ್ತು. 1913ರಲ್ಲಿ ಲೇಖಕ ಎಚ್.ಜಿ. ವೆಲ್ಸ್ ಪ್ರಕಟಿಸಿದ ‘ಲಿಟಲ್ ವಾರ್ಸ್’ ಪುಸ್ತಕದ ಆಟದಲ್ಲಿ ಮಾತ್ರ ಸ್ಪ್ರಿಂಗ್ ಅಳವಡಿಸಿದ ಆಟಿಕೆ ಫಿರಂಗಿಯಿಂದ ಗೊಂಬೆಗಳನ್ನು ನಿಜವಾಗಿಯೇ ಹೊಡೆದುರುಳಿಸಬೇಕಿತ್ತು.

ಗುಣಾಕಾರದ ಸರಪಳಿ

ವಾರ್‌ಹ್ಯಾಮರ್‌ನಲ್ಲಿ ಒಂದು ಗುಂಡು ಫಲ ಕೊಡಬೇಕಾದರೆ ಮೂರು ಬಾಗಿಲು ದಾಟಬೇಕು. ಗುಂಡು ಗುರಿಗೆ ತಾಗಬೇಕು, ತಾಗಿದ್ದು ಗಾಯ ಮಾಡಬೇಕು, ಎದುರಾಳಿಯ ರಕ್ಷಾಕವಚ ಅದನ್ನು ತಡೆಯಬಾರದು. ಪ್ರತಿ ಹಂತಕ್ಕೂ ಆರು ಮುಖದ ಒಂದು ದಾಳ. ಮೂರೂ ಹಂತಗಳ ಸಂಭವನೀಯತೆಗಳನ್ನು ಗುಣಿಸಿದರೆ ಒಂದು ಗುಂಡಿನ ಯಶಸ್ಸಿನ ಪ್ರಮಾಣ ದೊರೆಯುತ್ತದೆ.

ಗಾಯದ ನಿಯಮ 2017ರ ಎಂಟನೆಯ ಆವೃತ್ತಿಯಲ್ಲಿ ಸರಳಗೊಂಡು 2023ರ ಹತ್ತನೆಯ ಆವೃತ್ತಿಯಲ್ಲೂ ಮುಂದುವರಿಯಿತು. ಆಯುಧದ ಬಲ ಮತ್ತು ಗುರಿಯ ಗಟ್ಟಿತನ ಸಮವಿದ್ದರೆ ದಾಳದಲ್ಲಿ 4 ಅಥವಾ ಹೆಚ್ಚು ಬೀಳಬೇಕು. ಬಲ ಹೆಚ್ಚಿದ್ದರೆ 3, ಇಮ್ಮಡಿ ಅಥವಾ ಅದಕ್ಕೂ ಹೆಚ್ಚಿದ್ದರೆ 2 ಸಾಕು. ಬಲ ಕಡಿಮೆಯಿದ್ದರೆ 5, ಅರ್ಧ ಅಥವಾ ಅದಕ್ಕಿಂತ ಕಡಿಮೆಯಿದ್ದರೆ 6 ಬೇಕು.

ಎರಡು ಬಂದೂಕು, ಎರಡು ಗುರಿ

ಉದಾಹರಣೆಗೆ ಎರಡು ಬಂದೂಕುಗಳನ್ನು ಹೋಲಿಸಬಹುದು. ಎರಡೂ 3 ಅಥವಾ ಹೆಚ್ಚು ಬಿದ್ದರೆ ಗುರಿಗೆ ತಾಗುತ್ತವೆ. ಲಘು ಬಂದೂಕಿಗೆ 2 ಗುಂಡು, ಬಲ 4, ಗುಂಡೊಂದಕ್ಕೆ 1 ಹಾನಿ, ಕವಚಭೇದನ ಇಲ್ಲ. ಭಾರೀ ಬಂದೂಕಿಗೆ ಒಂದೇ ಗುಂಡು, ಬಲ 8, ಹಾನಿ 2. ಎದುರಾಳಿಯ ಕವಚದ ದಾಳದಿಂದ 3 ಕಳೆಯುವ ಭೇದನಶಕ್ತಿ ಬೇರೆ.

ಮೊದಲ ಗುರಿ ಗಟ್ಟಿತನ 4, ಪ್ರಾಣಾಂಕ 2 ಇರುವ, 3 ಬಿದ್ದರೆ ಸಾಕು ಕವಚ ಕಾಪಾಡುವ ಯೋಧ. ಲಘು ಬಂದೂಕಿನ ಒಂದು ಗುಂಡಿಗೆ ಮೂರರಲ್ಲಿ ಎರಡು, ಎರಡರಲ್ಲಿ ಒಂದು, ಮೂರರಲ್ಲಿ ಒಂದು. ಗುಣಿಸಿದರೆ ಒಂಬತ್ತರಲ್ಲಿ ಒಂದು. ಯೋಧ ಬೀಳಬೇಕಾದರೆ ಎರಡೂ ಗುಂಡು ಫಲಿಸಬೇಕು. ಅದರ ಸಾಧ್ಯತೆ 81ರಲ್ಲಿ ಒಂದು, ಅಂದರೆ ಶೇ. 1.2 ಮಾತ್ರ. ಭಾರೀ ಬಂದೂಕಿನ ಗುಂಡಿಗೆ ಮೂರರಲ್ಲಿ ಎರಡು, ಆರರಲ್ಲಿ ಐದು, ಮತ್ತೆ ಆರರಲ್ಲಿ ಐದು. ಒಂದೇ ಗುಂಡಿಗೆ ಯೋಧನನ್ನು ಉರುಳಿಸುವ ಸಾಧ್ಯತೆ ಸುಮಾರು ಶೇ. 46.

ಎರಡನೆಯ ಗುರಿ ಗಟ್ಟಿತನ 3, ಪ್ರಾಣಾಂಕ 1 ಇರುವ, ಕವಚಕ್ಕೆ 5 ಬೇಕಾದ ಸಾಮಾನ್ಯ ಸಿಪಾಯಿಗಳ ಗುಂಪು. ಇಲ್ಲಿ ಲಘು ಬಂದೂಕಿನ ಎರಡು ಗುಂಡುಗಳಿಂದ ಸರಾಸರಿ 0.59 ಸಿಪಾಯಿಗಳು ಬಿದ್ದರೆ, ಭಾರೀ ಬಂದೂಕಿನಿಂದ 0.56. ಹಾನಿ 2 ಎಂದು ಕಣ್ಣುಮುಚ್ಚಿ ಗುಣಿಸಿದವನಿಗೆ ಭಾರೀ ಬಂದೂಕಿನ ಸರಾಸರಿ 1.11 ಎಂದು ತೋರುತ್ತದೆ. ಆದರೆ ಒಂದೇ ಪ್ರಾಣಾಂಕ ಇರುವ ಸಿಪಾಯಿಯ ಮೇಲೆ ಎರಡನೆಯ ಹಾನಿ ವ್ಯರ್ಥ. ಅದು ಪಕ್ಕದವನಿಗೆ ವರ್ಗವಾಗುವುದಿಲ್ಲ.

ಕವಚದ ಗುಟ್ಟು

ರಕ್ಷಣೆಯ ಲೆಕ್ಕ ಇನ್ನೂ ಸೂಕ್ಷ್ಮವಾದುದು. ಕವಚಕ್ಕೆ ಬೇಕಾದ ಸಂಖ್ಯೆ 6ರಿಂದ 5ಕ್ಕೆ ಇಳಿದರೂ, 3ರಿಂದ 2ಕ್ಕೆ ಇಳಿದರೂ ಮೇಲ್ನೋಟಕ್ಕೆ ಒಂದೇ ಮೆಟ್ಟಿಲು. ಮೊದಲನೆಯದರಲ್ಲಿ ಆರರಲ್ಲಿ ಐದು ಏಟುಗಳ ಬದಲು ನಾಲ್ಕು ಒಳನುಗ್ಗುತ್ತವೆ, ನಷ್ಟ ಶೇ. 20ರಷ್ಟು ಕಡಿಮೆ. ಎರಡನೆಯದರಲ್ಲಿ ಆರರಲ್ಲಿ ಎರಡರ ಬದಲು ಒಂದು. ನಷ್ಟ ನೇರ ಅರ್ಧಕ್ಕಿಳಿಯುತ್ತದೆ. ಮೊದಲೇ ಒಳ್ಳೆಯ ಕವಚವಿದ್ದವನಿಗೆ ಇನ್ನೊಂದು ಮೆಟ್ಟಿಲು ಹೆಚ್ಚು ಬೆಲೆಬಾಳುತ್ತದೆ.

ಗುರಿ ಹಿಡಿಯುವಲ್ಲಿ ಇದು ತಿರುಗುಮುರುಗು. 5 ಬೇಕಾದವನಿಗೆ ದಾಳದ ಮೇಲೆ ಒಂದು ಅಂಕ ಕೂಡಿಸಿದರೆ ಯಶಸ್ಸು ಶೇ. 50ರಷ್ಟು ಏರುತ್ತದೆ, 3 ಬೇಕಾದವನಿಗೆ ಶೇ. 25ರಷ್ಟು ಮಾತ್ರ. 2 ಬಿದ್ದರೂ ತಾಗುವವನಿಗೆ ಅದರಿಂದ ಲಾಭವೇ ಇಲ್ಲ. ಏಕೆಂದರೆ 1 ಬಿದ್ದರೆ ಏಟು ಯಾವಾಗಲೂ ತಪ್ಪುತ್ತದೆ.

ಸರಾಸರಿಯ ಮೋಸ

ಶತ್ರುವಾಹನವೊಂದಕ್ಕೆ 3 ಪ್ರಾಣಾಂಕ ಉಳಿದಿದೆ ಎನ್ನೋಣ. ಕವಚ ದಾಟಿದ ಮೇಲೆ ಒಂದು ಆಯುಧ ನಿಗದಿಯಾಗಿ 3 ಹಾನಿ ಮಾಡುತ್ತದೆ. ಇನ್ನೊಂದರ ಹಾನಿ ದಾಳದಲ್ಲಿ ಬಿದ್ದಷ್ಟು, ಅಂದರೆ ಸರಾಸರಿ 3.5. ಸರಾಸರಿ ನೋಡಿದವನು ಎರಡನೆಯದನ್ನೇ ಆರಿಸುತ್ತಾನೆ. ಆದರೆ ಮೊದಲನೆಯದು ವಾಹನವನ್ನು ಖಚಿತವಾಗಿ ನಾಶಮಾಡುತ್ತದೆ. ಎರಡನೆಯದು 1 ಅಥವಾ 2 ಬಿದ್ದರೆ ಸೋಲುವುದರಿಂದ ಅದರ ಯಶಸ್ಸು ಶೇ. 67. ಉಳಿದ ಪ್ರಾಣಾಂಕ 4 ಆದರೆ ಚಿತ್ರವೇ ತಲೆಕೆಳಗು: ಮೊದಲನೆಯದರ ಒಂದು ಏಟಿಗೆ ವಾಹನ ನಾಶವಾಗದು, ಎರಡನೆಯದಕ್ಕೆ ಶೇ. 50 ಅವಕಾಶ.

ಮೇಲಿನ ಭಾರೀ ಬಂದೂಕುಗಳೇ ಮೂರು ಇದ್ದರೆ ಸರಾಸರಿ 1.39 ಯೋಧರು ಬೀಳುತ್ತಾರೆ. ಆದರೂ ಒಬ್ಬನೂ ಬೀಳದಿರುವ ಸಾಧ್ಯತೆ ಶೇ. 15ಕ್ಕಿಂತ ಹೆಚ್ಚು, ಸುಮಾರು ಆರೇಳು ಬಾರಿಗೊಮ್ಮೆ ಹಾಗಾಗುತ್ತದೆ. ಗೆಲುವು ಆ ಒಬ್ಬ ಯೋಧನ ಮೇಲೆಯೇ ನಿಂತಿದ್ದರೆ ಕೇಳಬೇಕಾದ ಪ್ರಶ್ನೆ ‘ಸರಾಸರಿ ಎಷ್ಟು?’ ಎಂಬುದಲ್ಲ, ‘ಒಬ್ಬನಾದರೂ ಬೀಳುವ ಸಾಧ್ಯತೆ ಎಷ್ಟು?’ ಎಂಬುದು. ನಾಲ್ಕನೆಯ ಬಂದೂಕು ಸೇರಿದರೆ ಬರಿಗೈಯಾಗುವ ಸಾಧ್ಯತೆ ಶೇ. 8ರ ಆಸುಪಾಸಿಗೆ ಇಳಿಯುತ್ತದೆ.

ಬೆಲೆ ಮತ್ತು ಮಿತಿ

ಆಯುಧಗಳಿಗೆ ಬೇರೆ ಬೇರೆ ಅಂಕಬೆಲೆ ಇರುವ ಆಟಗಳಲ್ಲಿ ಫಲವನ್ನು ಬೆಲೆಯಿಂದ ಭಾಗಿಸಿಯೇ ಹೋಲಿಸಬೇಕು. ವಾರ್‌ಹ್ಯಾಮರ್ 40,000ರ ಹತ್ತನೆಯ ಆವೃತ್ತಿ 2023ರಲ್ಲಿ ಬಂದಾಗ ಆಯುಧಗಳ ಪ್ರತ್ಯೇಕ ಬೆಲೆಯನ್ನು ಕೈಬಿಟ್ಟು, ಇಡೀ ತುಕಡಿಗೆ ಒಂದೇ ಬೆಲೆ ಇಡಲಾಯಿತು. ಆಗ ಆಯುಧದ ಗುಣವೇ ನೇರ ಹೋಲಿಕೆಗೆ ಬಂತು.

ಆಯುಧದ ವ್ಯಾಪ್ತಿ, ಮರೆ, ಎದುರಾಳಿಯ ಚಾಣಾಕ್ಷತನ ಇವಾವುವೂ ಈ ಲೆಕ್ಕದೊಳಗೆ ಬರುವುದಿಲ್ಲ. ದಾಳಕ್ಕೆ ನೆನಪೂ ಇಲ್ಲ. ಐದು ಬಾರಿ ತಪ್ಪಿದ ಮಾತ್ರಕ್ಕೆ ಆರನೆಯ ಬಾರಿ ತಾಗಬೇಕೆಂಬ ನಿಯಮವಿಲ್ಲ. ಎದುರಿಗೆ ಬರಬಹುದಾದ ಗುರಿ ಯಾವುದು, ಅದನ್ನು ಉರುಳಿಸಲು ಕನಿಷ್ಠ ಎಷ್ಟು ಹಾನಿ ಬೇಕು, ತಪ್ಪಿದರೆ ನಷ್ಟವೆಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡ ಮೇಲೆಯೇ ಅಂಟಿನ ಸೀಸೆ ತೆರೆಯುವುದು ಲೇಸು.