ಅಂಕ, ಪ್ರಮಾಣಪತ್ರ ಮತ್ತು ಶಾಲಾ ವ್ಯಾನ್: ಆಟಿಸಂ ಇರುವ ಮಗುವಿನ ಪ್ರಯಾಣಕ್ಕೆ ಸಹಾಯಕರನ್ನು ನಿರ್ಧರಿಸುವ ಬಗೆ

ಶಾಲಾ ವಾಹನದ ಸುರಕ್ಷತೆಯ ಬಗೆಗಿನ ನಮ್ಮ ಚಿಂತನೆ ಬಹುಮಟ್ಟಿಗೆ ವಾಹನವನ್ನೇ ಕೇಂದ್ರವಾಗಿಟ್ಟುಕೊಂಡು ಬೆಳೆದಿದೆ. 1997ರ ನವೆಂಬರ್‌ನಲ್ಲಿ ದೆಹಲಿಯ ವಜೀರಾಬಾದ್ ಬಳಿ ಶಾಲಾ ಬಸ್ಸೊಂದು ಯಮುನೆಗೆ ಉರುಳಿ 28 ಮಕ್ಕಳು ತೀರಿಕೊಂಡರು. ಆನಂತರ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳು ವೇಗದ ಮಿತಿ, ಚಾಲಕರ ಅನುಭವದಂಥ ಸಂಗತಿಗಳಿಗೆ ಸಂಬಂಧಿಸಿದ್ದವು. ಅಮೆರಿಕದಲ್ಲಿ 1977ರಿಂದ ಜಾರಿಯಲ್ಲಿರುವ 222ನೇ ಸಂಖ್ಯೆಯ ಮಾನದಂಡ, ಎತ್ತರದ ಮೆತ್ತನೆಯ ಬೆನ್ನೊರಗುಗಳ ನಡುವೆ ಮಗುವನ್ನು ಕಾಪಾಡುವ ಲೆಕ್ಕಾಚಾರದ್ದು. ಮಗು ಮುಂದಕ್ಕೆ ಮುಖಮಾಡಿ ಕೂತಿದ್ದರೆ ಮಾತ್ರ ಅದು ಫಲಿಸುತ್ತದೆ. ಸೀಟಿನಲ್ಲಿ ಎದ್ದು ನಿಲ್ಲುವ, ಹಿಂದಕ್ಕೆ ತಿರುಗುವ ಮಗುವಿಗೆಂದು ಸುರಕ್ಷತಾ ವೆಸ್ಟ್ ಬಂದಿದೆ. ಸೀಟಿನ ಬೆನ್ನಿಗೆ ಬಿಗಿಯುವ ಬಗೆಯ ವೆಸ್ಟ್ ಆದರೆ ಅದರ ಹಿಂದಿನ ಸೀಟು ಖಾಲಿ ಇರಬೇಕು, ಇಲ್ಲವೇ ಅಲ್ಲಿ ಕೂತವರೂ ಬೆಲ್ಟ್ ಕಟ್ಟಿಕೊಂಡಿರಬೇಕು ಎಂಬ ಎಚ್ಚರಿಕೆ ಅದರ ಮೇಲೇ ಇರುತ್ತದೆ. ಇಷ್ಟರ ಬಗ್ಗೆ ತಕರಾರಿಲ್ಲ.

ತಕರಾರು ಇರುವುದು ಸಹಾಯಕರ ವಿಷಯದಲ್ಲಿ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 16ನೇ ಕಲಂನ ಎಂಟನೇ ಖಂಡವು ವಿಕಲಚೇತನ ಮಕ್ಕಳಿಗೆ ಸಾರಿಗೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಆದರೆ ಮಗುವಿನ ಜೊತೆ ಸಹಾಯಕರನ್ನು ಕರೆದೊಯ್ಯುವ ಅವಕಾಶವನ್ನು 'ಹೆಚ್ಚಿನ ಬೆಂಬಲದ ಅಗತ್ಯ' ಉಳ್ಳ ಮಕ್ಕಳಿಗಷ್ಟೇ ಕೊಡುತ್ತದೆ. ಈ ವರ್ಗಕ್ಕೆ ಸೇರಲು ಮೊದಲು ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಬೇಕು. ತೀವ್ರತೆ ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂಬ ಗ್ರಹಿಕೆ ಈ ಏರ್ಪಾಡಿನ ಹಿಂದಿದೆ. ಅದಕ್ಕೆ ಅಧ್ಯಯನದ ಆಧಾರವೂ ಇಲ್ಲದಿಲ್ಲ. ಕಾನಿ ಆ್ಯಂಡರ್ಸನ್ ಮತ್ತು ಸಂಗಡಿಗರು 2012ರಲ್ಲಿ 'ಪೀಡಿಯಾಟ್ರಿಕ್ಸ್' ನಿಯತಕಾಲಿಕದಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುತ್ತದೆ. ಆಟಿಸಂ ಇರುವ 1,218 ಮಕ್ಕಳಲ್ಲಿ ಶೇ 49ರಷ್ಟು ಮಂದಿ ನಾಲ್ಕು ವರ್ಷದ ನಂತರ ಒಮ್ಮೆಯಾದರೂ ಯಾರಿಗೂ ಹೇಳದೆ ಹೊರಟುಹೋಗಲು ನೋಡಿದ್ದರೆಂದು ಪೋಷಕರು ತಿಳಿಸಿದ್ದರು. ಆತಂಕ ಹುಟ್ಟುವಷ್ಟು ಹೊತ್ತು ಕಾಣೆಯಾದವರು ಶೇ 26. ಹಾಗೆ ಕಾಣೆಯಾದವರಲ್ಲಿ ಶೇ 65ರಷ್ಟು ಮಕ್ಕಳು ವಾಹನಗಳಿಗೆ ಸಿಲುಕುವ ಅಪಾಯದಲ್ಲಿದ್ದರು. ಸಾಮಾಜಿಕ ಸ್ಪಂದನೆಯ ಮಾಪನದಲ್ಲಿ ಪ್ರತಿ 10 ಅಂಕದ ಏರಿಕೆಗೆ ಅಪಾಯ ಸರಾಸರಿ ಶೇ 9ರಷ್ಟು ಹೆಚ್ಚುತ್ತದೆ ಎಂಬುದೂ ಅವರ ತೀರ್ಮಾನ.

ತೀವ್ರತೆಯನ್ನೇ ಮಾನದಂಡವಾಗಿಸಲು ಈ ಕೊನೆಯ ಅಂಕಿಯನ್ನು ಬಳಸಿಕೊಳ್ಳಬಹುದು. ನನ್ನ ಓದಿನಲ್ಲಿ ಅದು ಹೇಳುವುದು ಬೇರೆಯೇ. ಆ ಮಾಪನದಲ್ಲಿ 10 ಅಂಕವೆಂದರೆ ಒಂದು ಇಡೀ ಪ್ರಮಾಣ ವಿಚಲನೆ. ಅಷ್ಟು ದೂರ ಸರಿದರೂ ಅಪಾಯ ಹೆಚ್ಚುವುದು ಮೊದಲಿದ್ದುದರ ನೂರರಲ್ಲಿ ಒಂಬತ್ತು ಪಾಲು. ಬರಿಯ ಉದಾಹರಣೆಗೆ ಶೇ 49ರಿಂದ ಲೆಕ್ಕ ಹಿಡಿದರೆ ಅದು ಶೇ 53ರ ಆಸುಪಾಸಿಗೆ ಏರುತ್ತದೆ. ತೀವ್ರತೆಗೂ ಅಪಾಯಕ್ಕೂ ಸಂಬಂಧವಿದೆ, ನಿಜ. ಆದರೆ ಒಂದು ಗೆರೆ ಎಳೆದು, ಇದರ ಮೇಲಿನವರಿಗೆ ಸಹಾಯಕರು ಬೇಕು, ಕೆಳಗಿನವರಿಗೆ ಬೇಡ ಎನ್ನುವಷ್ಟು ಬಿಗಿಯಾದ ಸಂಬಂಧವಲ್ಲ.

ನಮ್ಮ ಪ್ರಮಾಣಪತ್ರದ ಬುಡದಲ್ಲಿರುವ 'ಇಂಡಿಯನ್ ಸ್ಕೇಲ್ ಫಾರ್ ಅಸೆಸ್‌ಮೆಂಟ್ ಆಫ್ ಆಟಿಸಂ'ನ್ನು ಬಿಡಿಸಿ ನೋಡಿದರೆ ತೊಡಕು ಇನ್ನೂ ನಿಚ್ಚಳವಾಗುತ್ತದೆ. ಅದರಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5 ಅಂಕ; ಒಟ್ಟು 40ರಿಂದ 200. ಆಟಿಸಂ ಎಂದು ಗುರುತಿಸುವುದು 70ರಿಂದ. ಭಾವನಾತ್ಮಕ ಸ್ಪಂದನೆಯ ವಿಭಾಗದಲ್ಲಿ ಅಪಾಯದ ಅಂಜಿಕೆ ಇಲ್ಲದಿರುವುದು ಒಂದು ಅಂಶ. ಯಾವ ಅಂಜಿಕೆಯೂ ಇಲ್ಲದೆ ರಸ್ತೆಗಿಳಿಯುವ ಮಗುವಿಗೆ ಅಲ್ಲಿ 5 ಅಂಕ ಬೀಳಬಹುದು; ರಸ್ತೆಯ ಪರಿವೆ ಇರುವ ಮಗುವಿಗೆ 1. ಈ ಇಬ್ಬರ ನಡುವಿನ ಅಂತರ ಒಟ್ಟು ಮೊತ್ತದಲ್ಲಿ ನಾಲ್ಕೇ ಅಂಕ, ಅಂದರೆ 160ರ ವ್ಯಾಪ್ತಿಯಲ್ಲಿ ಶೇ 2.5. ಮಾತು, ಒಡನಾಟ, ಗಮನ ಇವೆಲ್ಲ ಕೂಡಿದ ಮೊತ್ತದಲ್ಲಿ ಪ್ರಯಾಣಕ್ಕೆ ಬೇಕಾದ ಮಾಹಿತಿಯೇ ಕರಗಿಹೋಗುತ್ತದೆ. ಮಾಪನದ ದೋಷ ಇದಲ್ಲ, ಅದು ರೂಪುಗೊಂಡ ಉದ್ದೇಶವೇ ಬೇರೆ.

ಅಪಾಯ ಎಲ್ಲಿ ತಲೆಯೆತ್ತುತ್ತದೆ ಎಂಬುದನ್ನು ನಮ್ಮ ನಗರಗಳ ಯಾವುದೇ ಶಾಲಾ ವ್ಯಾನಿನ ಬಳಿ ನಿಂತು ನೋಡಬಹುದು. ವ್ಯಾನು ಮನೆಯ ಎದುರು ಬದಿಯಲ್ಲಿ ನಿಲ್ಲುತ್ತದೆ, ಎಂಜಿನ್ ಆರುವುದಿಲ್ಲ. ಆಯಾ ಬಾಗಿಲು ಸರಿಸಿ, ಎಲ್‌ಕೆಜಿ ಮಗುವಿನ ಬ್ಯಾಗು, ನೀರಿನ ಬಾಟಲಿ ಇಳಿಸಿಕೊಂಡು, ಕೈ ಹಿಡಿದು ರಸ್ತೆ ದಾಟಿಸುತ್ತಾರೆ. ಬಾಗಿಲು ತೆರೆದೇ ಇದೆ. ಒಳಗಿರುವ ದೊಡ್ಡವರೆಂದರೆ ಡ್ರೈವರ್ ಒಬ್ಬರೇ, ಅವರ ಮುಖ ಮುಂದಕ್ಕೆ. ಹಿಂದೆ ಬಂದ ಟೆಂಪೋ ಒಂದೇ ಸಮ ಹಾರ್ನ್ ಹೊಡೆದರೆ, ಶಬ್ದ ತಾಳಲಾರದ ಮಗು ಇಳಿದು ಓಡಲು ಆ ಅರೆನಿಮಿಷ ಸಾಕು. ಎಲ್ಲ ಮಕ್ಕಳಿಗೂ ಸೇರಿ ಒಬ್ಬ ಆಯಾ ಇದ್ದಾರೆಂಬುದು ಇಲ್ಲಿ ಉತ್ತರವಾಗದು, ಏಕೆಂದರೆ ಇಳಿಸುವ ಹೊತ್ತಿಗೇ ಅವರು ವ್ಯಾನಿನಿಂದ ದೂರವಿರುತ್ತಾರೆ.

ಆದ್ದರಿಂದ ನನ್ನ ವಾದ ಇಷ್ಟು: ಸಹಾಯಕರು ಬೇಕೋ ಬೇಡವೋ ಎಂಬುದು ಪ್ರಮಾಣಪತ್ರದ ಶೇಕಡಾವಾರಿನಿಂದಲ್ಲ, ಪ್ರತಿ ಮಗುವಿನ ಪ್ರಯಾಣವನ್ನು ಹತ್ತುವಲ್ಲಿಂದ ಒಪ್ಪಿಸುವವರೆಗೆ ಪರಿಶೀಲಿಸಿ ತೀರ್ಮಾನವಾಗಬೇಕು. ಇದಕ್ಕೆ ಕಾಯ್ದೆಯ ತಿದ್ದುಪಡಿಯೇ ಬೇಕೆಂದೇನೂ ಇಲ್ಲ. ಅದೇ 16ನೇ ಕಲಂನ ಮೂರನೇ ಖಂಡ ವ್ಯಕ್ತಿಯ ಅಗತ್ಯಕ್ಕೆ ತಕ್ಕ ಸಮಂಜಸ ಅನುಕೂಲ ಒದಗಿಸಬೇಕೆನ್ನುತ್ತದೆ. ಎಂಟನೇ ಖಂಡವನ್ನು ಅದರ ಜೊತೆಗಿಟ್ಟು ಓದಲು ಸಾಧ್ಯ. ಅಮೆರಿಕದ ಕಾನೂನಿನಲ್ಲಿ ಸಾರಿಗೆಯು ವಿಶೇಷ ಶಿಕ್ಷಣಕ್ಕೆ ಪೂರಕವಾದ ಸೇವೆ. ಪೋಷಕರೂ ಇರುವ ತಂಡ ಅದನ್ನು ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲೇ ನಿರ್ಧರಿಸುತ್ತದೆ.

ಈ ವಾದದ ಮಿತಿಗಳನ್ನೂ ಹೇಳಬೇಕು. ಆ್ಯಂಡರ್ಸನ್ ಅವರ ಮಾಹಿತಿ ಸ್ವಇಚ್ಛೆಯಿಂದ ಉತ್ತರಿಸಿದ ಪೋಷಕರದು, ಭಾರತದ್ದಲ್ಲ. ಶಾಲಾ ವಾಹನದ ಬಾಗಿಲನ್ನೇ ಗುರಿಯಾಗಿಟ್ಟು ಸಂಗ್ರಹಿಸಿದ್ದೂ ಅಲ್ಲ. ಅವರು ಬಳಸಿದ ಮಾಪನವೂ ನಮ್ಮ ಮಾಪನವೂ ಒಂದೇ ಅಲ್ಲ, ಹಾಗಾಗಿ ಒಂದರ ಅಂಕವನ್ನು ಇನ್ನೊಂದಕ್ಕೆ ಹೊಂದಿಸಲಾಗದು. ಮೂರನೇ ಖಂಡದ ಬಲದಿಂದ ಎಂಟನೇ ಖಂಡದ ಮಿತಿಯನ್ನು ಸಡಿಲಿಸುವ ನನ್ನ ಓದನ್ನು, ನಿರ್ದಿಷ್ಟ ನಿಯಮವಿರುವಲ್ಲಿ ಸಾಮಾನ್ಯ ನಿಯಮ ನಡೆಯದು ಎಂಬ ತತ್ವದ ಮೇಲೆ ಪ್ರಶ್ನಿಸಬಹುದು. ಎರಡೂ ಖಂಡಗಳು ಒಂದೇ ಉದ್ದೇಶವಾಕ್ಯದಡಿ ಬರುವುದರಿಂದ ಆ ಆಕ್ಷೇಪ ನಿರ್ಣಾಯಕವಲ್ಲ ಎಂದು ತೋರುತ್ತದೆ, ಅಷ್ಟೇ.

ಸಹಾಯಕರ ಸಂಬಳ ಶಾಲೆಯ ಮೇಲೋ ಸರ್ಕಾರದ ಮೇಲೋ, ಪೋಷಕರೇ ಗೊತ್ತುಮಾಡಿಕೊಳ್ಳುವ ಆಟೊ ಮತ್ತು ಖಾಸಗಿ ವ್ಯಾನುಗಳು ಈ ಹೊಣೆಯೊಳಗೆ ಬರುತ್ತವೆಯೋ, ಹದಿಹರೆಯದವರಿಗೆ ಜೊತೆಗೊಬ್ಬರಿರುವುದು ರಕ್ಷಣೆಯೋ ಕಾವಲೋ ಎಂಬ ಪ್ರಶ್ನೆಗಳನ್ನು ಇಲ್ಲಿ ಮುಟ್ಟಿಲ್ಲ. ಮಕ್ಕಳು ಹತ್ತುವ, ಇಳಿಯುವ ಹೊತ್ತಿನಲ್ಲಿ ಕೈತಪ್ಪಿದ ಸಂದರ್ಭಗಳನ್ನು ಶಾಲೆಗಳು ದಾಖಲಿಸತೊಡಗಿದರೆ, ಇಲ್ಲಿನ ವಾದವನ್ನು ನಮ್ಮದೇ ಅಂಕಿಅಂಶಗಳ ಮೇಲೆ ಒರೆಗೆ ಹಚ್ಚಬಹುದು.