ಗುರುತ್ವ ತರಂಗಗಳು

ಗುರುತ್ವ ತರಂಗಗಳು ಎಂದರೆ ವೇಗೋತ್ಕರ್ಷಕ್ಕೆ ಒಳಗಾದ ಭಾರಿ ದ್ರವ್ಯರಾಶಿಗಳಿಂದ ಹೊರಟು ಬೆಳಕಿನ ವೇಗದಲ್ಲಿ ಹರಡುವ ದೇಶಕಾಲದ ಕಂಪನಗಳು. ಆಲ್ಬರ್ಟ್ ಐನ್‌ಸ್ಟೈನ್ 1916ರಲ್ಲಿ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಆಧಾರದ ಮೇಲೆ ಇವುಗಳನ್ನು ಊಹಿಸಿದರು.

ಭೌತಿಕ ಸ್ವರೂಪ

ನೀರಿನ ಅಲೆಗೆ ನೀರು, ಶಬ್ದಕ್ಕೆ ಗಾಳಿ ಮಾಧ್ಯಮವಾಗಿರುತ್ತದೆ. ಗುರುತ್ವ ತರಂಗಕ್ಕೆ ಅಂತಹ ದ್ರವ್ಯಮಾಧ್ಯಮ ಬೇಕಿಲ್ಲ. ದೇಶಕಾಲದ ಜ್ಯಾಮಿತಿಯೇ ಅಲೆಯಾಗಿ ಸಾಗುತ್ತದೆ. ಆದುದರಿಂದ ಬರಿದೆಂದು ತೋರುವ ನಿರ್ವಾತವೂ ಬಾಗಬಲ್ಲದು, ಶಕ್ತಿಯನ್ನು ಒಯ್ಯಬಲ್ಲದು. ಇದು ಹಳೆಯ ಈಥರ್ ಕಲ್ಪನೆಯಲ್ಲ. ಈಥರಿಗೆ ನಿಶ್ಚಲ ಸ್ಥಿತಿಯೊಂದನ್ನು ಕಲ್ಪಿಸಲಾಗಿತ್ತು, ದೇಶಕಾಲಕ್ಕೆ ಅಂತಹುದಿಲ್ಲ.

ತರಂಗವು ಹಾದುಹೋಗುವಾಗ ಅದರ ಚಲನೆಗೆ ಅಡ್ಡಲಾದ ಒಂದು ದಿಕ್ಕಿನ ಅಂತರ ಹಿಗ್ಗುತ್ತದೆ, ಅದಕ್ಕೆ ಲಂಬವಾದ ದಿಕ್ಕಿನದು ಕುಗ್ಗುತ್ತದೆ. ಮರುಕ್ಷಣ ಇದು ತಿರುವುಮುರುವಾಗುತ್ತದೆ. ಪರಿಣಾಮ ಅತ್ಯಲ್ಪ. ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಣ ಸುಮಾರು 20 ಕಿ.ಮೀ. ಅಂತರವು, ಈವರೆಗೆ ಪತ್ತೆಯಾದಂತಹ ತರಂಗದಿಂದ, ಪ್ರೋಟಾನಿನ ವ್ಯಾಸದ ನೂರರಲ್ಲೊಂದು ಭಾಗದಷ್ಟು ಮಾತ್ರ ಬದಲಾಗುತ್ತದೆ.

ಅಸ್ತಿತ್ವದ ಬಗೆಗಿನ ಚರ್ಚೆ

ಈ ತರಂಗಗಳು ನಿಜವೋ ಅಥವಾ ಗಣಿತದ ಭ್ರಮೆಯೋ ಎಂಬ ಪ್ರಶ್ನೆ ಬಹುಕಾಲ ಉಳಿದಿತ್ತು. 1936ರಲ್ಲಿ ಐನ್‌ಸ್ಟೈನರೇ ಸಂದೇಹಪಟ್ಟಿದ್ದರು. 1957ರಲ್ಲಿ ಅಮೆರಿಕದ ಚಾಪೆಲ್ ಹಿಲ್ ಸಮ್ಮೇಳನದಲ್ಲಿ ರಿಚರ್ಡ್ ಫೈನ್‌ಮನ್ ಸರಳವಾದ ವಾದವೊಂದನ್ನು ಮುಂದಿಟ್ಟರು: ಕಡ್ಡಿಗೆ ಪೋಣಿಸಿದ ಮಣಿಗಳು ತರಂಗದಿಂದ ಅತ್ತಿತ್ತ ಸರಿದರೆ ಘರ್ಷಣೆಯಿಂದ ಶಾಖ ಹುಟ್ಟುತ್ತದೆ, ಆ ಶಕ್ತಿಯನ್ನು ತಂದದ್ದು ತರಂಗವೇ ಆಗಿರಬೇಕು.

ಕನ್ನಡಿಗರ ಕೊಡುಗೆ

ಬೆಂಗಳೂರಿನಲ್ಲಿ ಜನಿಸಿದ ಸಿ. ವಿ. ವಿಶ್ವೇಶ್ವರ (1938–2017) ಅವರು 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕದಡಲ್ಪಟ್ಟ ಕಪ್ಪುಕುಳಿಯು ಬಾರಿಸಿದ ಗಂಟೆಯಂತೆ ಕಂಪಿಸಿ ಕ್ರಮೇಣ ಶಾಂತವಾಗುತ್ತದೆಂದು ತೋರಿಸಿದರು. ಈ ಕಂಪನದ ಆವೃತ್ತಿಯಿಂದ ಮತ್ತು ಅದು ಕ್ಷೀಣಿಸುವ ಬಗೆಯಿಂದ ಕಪ್ಪುಕುಳಿಯ ಗುಣಗಳನ್ನು ತಿಳಿಯಬಹುದು. ಅವರು ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೂ ಆಗಿದ್ದರು.

ನೇರ ಪತ್ತೆ

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯದ ಎರಡು ಉಪಕರಣಗಳು ಗುರುತ್ವ ತರಂಗವನ್ನು ಮೊದಲ ಬಾರಿಗೆ ನೇರವಾಗಿ ದಾಖಲಿಸಿದವು. ಪ್ರತಿಯೊಂದು ಉಪಕರಣಕ್ಕೂ ಪರಸ್ಪರ ಲಂಬವಾದ, 4 ಕಿ.ಮೀ. ಉದ್ದದ ಎರಡು ತೋಳುಗಳಿವೆ. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದಾದಾಗ, ಸುಮಾರು 3 ಸೂರ್ಯರಷ್ಟು ದ್ರವ್ಯರಾಶಿ ತರಂಗಶಕ್ತಿಯಾಗಿ ಹೊರಹೊಮ್ಮಿತ್ತು. ಸಂಕೇತದ ಕೊನೆಯ ಭಾಗವು ವಿಶ್ವೇಶ್ವರರು ವಿವರಿಸಿದ ಬಗೆಯ ಕ್ಷೀಣಿಸುವ ಕಂಪನಕ್ಕೆ ಹೊಂದುತ್ತಿತ್ತು. 2016ರ ಫೆಬ್ರವರಿ 11ರಂದು ಈ ಫಲಿತಾಂಶ ಘೋಷಣೆಯಾದಾಗ ಅವರು ಜೀವಂತವಾಗಿದ್ದರು. ಭಾರತದ ಲೈಗೋ ವೀಕ್ಷಣಾಲಯಕ್ಕೆ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯನ್ನು ಆಯ್ಕೆ ಮಾಡಲಾಗಿದೆ.